ಹೆಗಲು ಕಂಡ ಪಿಸ್ತೂಲು

ನಾನೊಂದು ಪಿಸ್ತೂಲು. ಹುಟ್ಟಿದ್ದು ದೂರದ ಒಂದು ಕಾರ್ಖಾನೆಯಲ್ಲಿ. ಎಣ್ಣೆಯ ವಾಸನೆ, ಉಕ್ಕಿನ ಪುಡಿ, ಮೈಮೇಲೆ ನಂಬರು ಕೊರೆದಾಗಿನ ಉರಿ. ಬಾಲ್ಯವೆಂದರೆ ನನಗೆ ಅಷ್ಟೇ ನೆನಪು.

ನಮ್ಮ ಕುಲದ ಒಂಟಿತನ ಬೇರೆ ಬಗೆಯದು. ಉದ್ದನೆಯ ಬಂದೂಕನ್ನು ಹೆಗಲಿಗೆ ಒರಗಿಸಿ, ಕೆನ್ನೆ ತಾಗಿಸಿ ಹಿಡಿಯುತ್ತಾರೆ. ನಮ್ಮನ್ನು ಹಿಡಿದವರು ಮೊದಲು ಮಾಡುವುದೇ ಕೈ ಚಾಚಿ ಮೈಯಿಂದ ದೂರ ಒಯ್ಯುವುದು. ನನ್ನ ಮೊದಲ ಒಡೆಯ, ಬೆಳಗಾವಿಯ ಬಂಗಾರದ ಅಂಗಡಿಯವನು, ಅಷ್ಟನ್ನೂ ಮಾಡಲಿಲ್ಲ. ಹನ್ನೊಂದು ವರ್ಷ ತಿಜೋರಿಯಲ್ಲಿಟ್ಟ.

ಆಮೇಲೆ ಸುಬೇದಾರ ಗದಿಗೆಪ್ಪನವರ ಕೈಸೇರಿದೆ. ಸೈನ್ಯದಿಂದ ನಿವೃತ್ತರಾಗಿ ಗೋಕಾಕದ ಕಡೆ ಹೊಲದ ಮನೆಯಲ್ಲಿದ್ದರು. ಜೊತೆಗೆ ಮಗಳು ಕಲ್ಲವ್ವ. ತಾಯಿ ತೀರಿಕೊಂಡಾಗ ಏಳನೆಯ ಇಯತ್ತೆಗೇ ಶಾಲೆ ಬಿಟ್ಟವಳು. ಮಾತು ಕಡಿಮೆ, ಕಣ್ಣು ಚುರುಕು. ನನ್ನನ್ನು ಒರೆಸುವ ಅರಿವೆಯನ್ನು ಅವಳೇ ಒಗೆದು ಬೇರೆ ಗೂಟಕ್ಕೆ ಹಾಕುತ್ತಿದ್ದಳು.

ಪ್ರತಿ ಖಂಡೇನವಮಿಗೆ ಕುಡಗೋಲು, ಕೊಡಲಿಯ ಜೊತೆ ನನಗೂ ಪೂಜೆ. ಅದಾದ ಮೇಲೆ ಸುಬೇದಾರರು ದಿನ್ನೆಯ ಬುಡದಲ್ಲಿ ಒಂದು ಗಡಿಗೆ ಇಟ್ಟು ಒಂದೇ ಗುಂಡಿಗೆ ಒಡೆಯುತ್ತಿದ್ದರು. ಊರಿನವರು ಅದನ್ನು ನೋಡಲೆಂದೇ ಬರುತ್ತಿದ್ದರು.

ಒಂದು ವರ್ಷ ಅವರಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು, ಬಲಗೈಯಲ್ಲಿ ನಡುಕ, ಬಲಗಾಲಿನಲ್ಲಿ ಎಳೆತ ಉಳಿಯಿತು. ಆ ಸಲದ ನವಮಿಯಲ್ಲಿ ನಾನು ಅವರ ಮುಷ್ಟಿಯೊಳಗೆ ಗಾಳಿಗೆ ಸಿಕ್ಕ ಎಲೆಯಂತಾದೆ. ಗುಂಡು ಮಣ್ಣು ಹಾರಿಸಿತು.

"ಗಡಗಿ ಅಲ್ಲೇ ಐತ್ರಿ ಸುಬೇದಾರ್ರ, ಗುಂಡ ಯಾ ಊರಿಗಿ ಹೋತು?" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ಸುಬೇದಾರರೂ ನಕ್ಕರು. ಮನೆಗೆ ಬಂದು ಎರಡು ದಿನ ಊಟ ಬಿಟ್ಟರು.

ಮೂರನೆಯ ದಿನ ಬಡಿಗೇರ ಮೌನೇಶನನ್ನು ಕರೆಸಿದರು.

"ಇದಕ್ಕೊಂದು ಹೆಗಲಗಟ್ಟಿಗಿ ಮಾಡಿಕೊಡೊ. ಕೈ ನಡುಗಿದರೂ ಹೆಗಲ ನಡುಗೂದಿಲ್ಲ."

"ನಾ ತೊಟ್ಟಲಾ ಮಾಡಾಂವರೀ ಯಪ್ಪಾ!"

"ಹೌದಲ್ಲ, ತೊಟ್ಟಲಾನ ಮಾಡು. ನಾ ಈಗ ಕೂಸಾಗೇನಿ."

ಮೌನೇಶ ಸಾಗವಾನಿಯ ತುಂಡು ಕಡೆದ. ಪಟ್ಟಣದಿಂದ ಏನೇನೋ ಕಬ್ಬಿಣದ ಸಾಮಾನು ಬಂತು. ಗುಂಡು ಅದೇ ಪುಟ್ಟ ಗುಂಡು, ಮೈ ಮಾತ್ರ ಉದ್ದವಾಯಿತು. "ಈಗ ನೀ ಕಾರ್ಬೈನ್, ಹೆಗಲಿನ ಬಂದೂಕ" ಎಂದು ಸುಬೇದಾರರು ನನ್ನನ್ನು ಹೆಗಲಿಗೆ ಒತ್ತಿಕೊಂಡರು. ಕೆನ್ನೆ ತಾಗಿಸಿದರು. ಬಿಳಿ ಗಡ್ಡದ ಕೂಳೆ, ಬಿಸಿ ಉಸಿರು, ಎದೆಯ ಬಡಿತ. ಒಬ್ಬ ಮನುಷ್ಯನ ಒಳಗಿನ ಸದ್ದನ್ನು ನಾನು ಮೊದಲ ಸಲ ಕೇಳಿದ್ದು ಆಗ.

ಮರುವರ್ಷದ ನವಮಿಗೆ ಗಡಿಗೆ ಚೂರುಚೂರಾಯಿತು. ಕಲ್ಲವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

ಅಷ್ಟರಲ್ಲಿ ಚುನಾವಣೆ ಬಂತು. ಲೈಸೆನ್ಸಿನ ಆಯುಧಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕೆಂದು ನೋಟೀಸು ಬಂತು. ಹೊರಡುವ ಮುನ್ನ ಕಲ್ಲವ್ವ ಲೈಸೆನ್ಸಿನ ಪುಸ್ತಕ ತೆರೆದು ಓದಿದಳು. 'ಪಿಸ್ತೂಲು' ಎಂಬಲ್ಲಿ ಅವಳ ಬೆರಳು ನಿಂತಿತು. ನನ್ನ ಉದ್ದ ಮೈಯನ್ನು ನೋಡಿದಳು. ಅಪ್ಪನನ್ನು ನೋಡಿದಳು. ಅವರು ಹಳೆಯ ಸೈನ್ಯದ ಟೋಪಿ ಹಾಕಿಕೊಂಡು ಮೀಸೆ ತಿದ್ದುತ್ತಿದ್ದರು. ಅವಳು ಬಾಯಿ ತೆರೆದಳು, ಹಾಗೆಯೇ ಪುಸ್ತಕ ಮುಚ್ಚಿದಳು. ನನಗೆ ಬರುವುದು ಒಂದೇ ಮಾತು, ಅದನ್ನು ಮನೆಯೊಳಗೆ ಆಡಬಾರದು.

ಠಾಣೆಯ ಸಾಹೇಬರು ಪುಸ್ತಕವನ್ನೂ ನನ್ನನ್ನೂ ಎರಡೆರಡು ಸಲ ನೋಡಿದರು.

"ಅಜ್ಜಾರ, ಇದರಾಗ ಪಿಸ್ತೂಲ ಅಂತ ಬರದೈತಿ. ನೀವು ತಂದದ್ದ ಏನು?"

"ಅದನ್ನ ತಂದೇನ್ರಿ. ನಂಬರ ಓದ್ರಿ."

"ನಂಬರ ಅದ ಐತ್ರಿ. ಮೈ ಬ್ಯಾರೆ ಆಗೇತಲ್ಲ. ಹಿಂಗ ಬದಲ ಮಾಡೂದು ಗುನ್ನೆ. ಯಾರ ಮಾಡಿಕೊಟ್ರು?"

"ನಾನ ಮಾಡೇನಿ."

ಸಾಹೇಬರು ಮೇಜಿನ ಮೇಲೆ ನಡುಗುತ್ತಿದ್ದ ಆ ಕೈಯನ್ನು ನೋಡಿದರು. ಆಮೇಲೆ ಅವರು ಹೇಳಿದಂತೆಯೇ ಬರೆದುಕೊಂಡರು.

ಅಂದೇ ನನ್ನಿಂದ ಕಟ್ಟಿಗೆಯನ್ನು ಬಿಡಿಸಿದರು. ಎರಡು ಬಟ್ಟೆ, ಎರಡು ಅರಗಿನ ಮುದ್ರೆ. ಕೇಸಿನ ಸಾಕ್ಷಿಯ ವಸ್ತುಗಳಾಗಿ ನಾನು ಮುದ್ದೆಮಾಲು ಒಂದು, ಅದು ಮುದ್ದೆಮಾಲು ಎರಡು. ಠಾಣೆಯ ಮಾಲಿನ ಕೋಣೆಯಲ್ಲಿ ನನ್ನದು ಕೆಳಗಿನ ಗೂಡು, ಅದರದು ಮೇಲಿನದು.

ಕೇಸು ನಡೆಯುತ್ತಲೇ ಇತ್ತು. ಸುಬೇದಾರರು ಕೋರ್ಟಿನ ತಾರೀಖಿಗೆ ಬಂದಾಗಲೆಲ್ಲ ಈ ಕೋಣೆಯ ಬಾಗಿಲಲ್ಲಿ ನಿಂತು ಹೋಗುತ್ತಿದ್ದರು. ಎಳೆದು ಹಾಕುವ ಆ ಕಾಲಿನ ಸದ್ದು ನನಗೆ ಗುರುತು. ಒಂದು ತಾರೀಖಿಗೆ ಅದು ಬರಲಿಲ್ಲ. ಮುಂದಿನದಕ್ಕೆ ಕಲ್ಲವ್ವ ಒಬ್ಬಳೇ ಬಂದಳು.

"ಅಪ್ಪ ಹೋದ್ರಿ" ಎಂದಳು ಪೇದೆಗೆ. "ಪಿಸ್ತೂಲ ಬ್ಯಾಡ. ಆ ಕಟ್ಟಿಗಿ ಅಷ್ಟ ಕೊಡ್ರಿ. ಅಪ್ಪನ ಗಲ್ಲ ಹತ್ತಿ ನುಣ್ಣಗಾಗೇತಿ."

ಪೇದೆ ಕೆಟ್ಟವನಲ್ಲ. "ಅದನ್ನ ಹೆಂಗ ಕೊಡ್ಲಿ ತಂಗೀ? ಪಿಸ್ತೂಲಿಗಿ ಲೈಸೆನ್ಸ್ ಐತಿ. ಕಟ್ಟಿಗೀದ ಎಲ್ಲಾ ಕೇಸು."

ಅವಳು ಹೋಗಲಿಲ್ಲ. ಬಾಗಿಲ ಸರಳಿಗೆ ಹಣೆ ತಾಗಿಸಿ, "ಅವತ್ತ ನಾ ಓದಿದ್ದೆ. ಹೇಳಲಿಲ್ಲ" ಎಂದಳು. ಪೇದೆಗೆ ಅದು ಕೇಳಿಸಲಿಲ್ಲ.

ಈಗ ನಾನು ಮತ್ತೆ ಪುಸ್ತಕದಲ್ಲಿ ಬರೆದಂತೆಯೇ ಇದ್ದೇನೆ. ಗಿಡ್ಡ ಮೈ, ಅದೇ ನಂಬರು. ಮೇಲಿನ ಗೂಡಿನಿಂದ ಆಗಾಗ ಸಾಗವಾನಿಯ ವಾಸನೆ ಇಳಿಯುತ್ತದೆ, ಮಳೆಗಾಲದಲ್ಲಿ ತುಸು ಹೆಚ್ಚು. ಕಲ್ಲವ್ವನ ಮಾತಿಗೆ ನಾನು ಈ ಉತ್ತರ ಕೊಡಬೇಕಿತ್ತು: ಅವಳು ಅಂದು ಪುಸ್ತಕ ಮುಚ್ಚಿದ್ದರಿಂದ ಹಳ್ಳಿಯಿಂದ ಠಾಣೆಯವರೆಗೆ, ಒಂದು ತಾಸಿನ ದಾರಿ, ನಾನು ಸುಬೇದಾರರ ಹೆಗಲ ಮೇಲೆ ಬಂದೆ.