ಒಲೆಯ ಕಾವಿನ ಹಾಲು

ಎಂಬತ್ತೆರಡರ ಬೇಸಿಗೆ. ಅಫಜಲಪುರದ ಬಸ್ ಸ್ಟ್ಯಾಂಡಿನ ಹಿಂದೆ ಶಾರದಾಬಾಯಿಯವರ ಖಾನಾವಳಿ ಇತ್ತು. ಅಲ್ಲಿ ರೊಟ್ಟಿ ಬಡಿಯುವವಳು ನಾನು. ಮಗಳು ಭಾಗಿಗೆ ಮೂರು ತಿಂಗಳು ತುಂಬುವ ಮೊದಲೇ ಮತ್ತೆ ಕೆಲಸಕ್ಕೆ ಹೋದೆ. ತಡ ಮಾಡಿದ್ದರೆ ಆ ಒಲೆಯ ಮುಂದೆ ಬೇರೆಯವಳು ಕೂತಿರುತ್ತಿದ್ದಳು. ಗಂಡ ರೇವಣಪ್ಪ ಲಾರಿಯ ಕ್ಲೀನರ್, ಮನೆಗೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಕೂಸು ಅತ್ತೆಯ ಹತ್ತಿರ.

ಮಧ್ಯಾಹ್ನ ಮೊದಲ ಪಂಕ್ತಿ ಎದ್ದು ಎರಡನೆಯದು ಕೂರುವುದರೊಳಗೆ ನಾನು ಮನೆಗೆ ಓಡಬೇಕು, ಮೊಲೆ ಕೊಡಬೇಕು, ಓಡಿ ಬರಬೇಕು. ಓಡುವುದು ಕಷ್ಟವಾಗಿರಲಿಲ್ಲ. ಒದ್ದೆ ರವಿಕೆಗೆ ಜೋಳದ ಹಿಟ್ಟು ಮೆತ್ತಿಕೊಂಡು ಗಟ್ಟಿಯಾಗುತ್ತಿತ್ತು, ಅದೂ ಇರಲಿ. ಕಷ್ಟ ಇದ್ದದ್ದು ನಮ್ಮ ಹೊಸ್ತಿಲಲ್ಲಿ. ಅತ್ತೆ ಹಣಮವ್ವ ಕೂಸನ್ನು ಹೆಗಲಿಗೆ ಹಾಕಿಕೊಂಡು ಅಲ್ಲಿ ನಿಂತಿರುತ್ತಿದ್ದಳು. ಕೊಡುತ್ತಿರಲಿಲ್ಲ.

“ಒಲಿ ಮುಂದ ಕುಂತು ಬಂದೀದಿ. ಹಾಲು ಕಾದಾವ. ಮೊದಲ ಗ್ವಾಡಿಗಿ ಹಿಂಡು.”

“ಎದಿಯಾಗಿನ ಹಾಲು ಹ್ಯಾಂಗ ಕಾಯ್ತಾವ ಅತ್ತಿ? ಒಲಿ ಮ್ಯಾಲ ನಾ ಕುಂತಿಲ್ಲ, ಹಂಚು ಕುಂತದ.”

“ನಾಲಿಗಿ ನೋಡು, ಅದೂ ಕಾದದ. ಕೂಸಿನ ಹೊಟ್ಟಿ ಕೆಡ್ತದ. ಹಿಂಡು ಅಂದ್ರ ಹಿಂಡು.”

ಹಿಂಡುತ್ತಿದ್ದೆ. ನೆಲಕ್ಕೆ ಬಿದ್ದರೆ ಯಾರಾದರೂ ತುಳಿದಾರು ಎಂದು ಹಿತ್ತಲ ಗೋಡೆಗೆ. ಮಣ್ಣಿನ ಗೋಡೆಯ ಮೇಲೆ ಬಿಳಿ ಗೆರೆಗಳು ಇಳಿದು ಒಣಗಿದ್ದವು; ಇರುವೆಗಳಿಗೆ ದಿನಾ ಹಬ್ಬ. ಒಳಗೆ ಭಾಗಿ ಉಸಿರು ಸಿಕ್ಕಿಕೊಳ್ಳುವಂತೆ ಅಳುತ್ತಿದ್ದಳು. ಆಮೇಲೆ ಎದೆಗೆ ತಣ್ಣೀರಿನ ಬಟ್ಟೆ. ಆಮೇಲೆ “ತುಸು ಆರಲಿ”. ಆರುವಷ್ಟರಲ್ಲಿ ಅಲ್ಲಿ ಪಂಕ್ತಿ ಕೂತಿರುತ್ತಿತ್ತು. ನಾಲ್ಕು ಗುಟುಕು ಕುಡಿದವಳ ಬಾಯಿಂದ ಬಿಡಿಸಿಕೊಂಡು ಓಡುತ್ತಿದ್ದೆ. ಉಳಿದ ಹಸಿವಿಗೆ ನೀರು ಬೆರೆಸಿದ ಆಡಿನ ಹಾಲು.

ಬರಬರುತ್ತ ರವಿಕೆ ಒದ್ದೆಯಾಗುವುದೇ ನಿಂತಿತು. ಹಾಲು ಬತ್ತುತ್ತಿತ್ತು. ಭಾಗಿಯ ತೊಡೆಯ ಮಡಿಕೆಗಳು ಸಡಿಲವಾಗುತ್ತಿದ್ದವು. ದವಾಖಾನೆಯ ನರ್ಸಬಾಯಿ ಮನೆಗೇ ಬಂದು, “ಹಾಲು ಕಾಯಂಗಿಲ್ಲಬೇ ಅವ್ವಾ, ಬಂದಕೂಡ್ಲೆ ಕುಡಸ್ರಿ. ಕುಡಿಸಿದಷ್ಟು ಬರ್ತಾವ” ಎಂದು ಅತ್ತೆಗೆ ಹೇಳಿದಳು. ಅತ್ತೆ “ಹೌದ್ರಿ, ಹೌದ್ರಿ” ಎಂದಳು. ನರ್ಸಬಾಯಿ ಓಣಿ ತಿರುಗಿದ ಮೇಲೆ, “ಫ್ಯಾನಿನ ಕೆಳಗ ಕುಂಡ್ರಾಕಿ, ಆಕಿಗೇನು ಗೊತ್ತು” ಎಂದಳು.

ಅಮಾವಾಸ್ಯೆಯ ದಿನ ಘತ್ತರಗಿಯ ಭಾಗ್ಯವಂತಿ ದೇವಿಯ ಗುಡಿಗೆ ಹೋಗಿಬಂದವರು ಬಸ್ಸು ಬಸ್ಸಾಗಿ ಇಳಿದರು. ಖಾನಾವಳಿಯಲ್ಲಿ ಪಂಕ್ತಿ ಏಳಲೇ ಇಲ್ಲ. ನಾನು ಬಡಿದೇ ಬಡಿದೆ. ಹಿಂಬಾಗಿಲಲ್ಲಿ ನೆರಳು ಬಿತ್ತು. ನೋಡಿದರೆ ಅತ್ತೆ, ಅಳುವ ಕೂಸಿನ ಸಮೇತ.

“ಆಡು ಒದ್ದು ಹಾಲು ಚೆಲ್ಲೇದ. ಏಳು, ಜಲ್ದಿ ಹಿಂಡು.”

ನಾನು ಗೋಡೆಯ ಕಡೆ ತಿರುಗಿದ್ದೇ ತಡ, ಶಾರದಾಬಾಯಿ ಸೌಟು ಹಿಡಿದು ಬಂದರು. “ಏ ಬೇ! ಅಡಗಿಮನಿ ಗ್ವಾಡಿಗಿ ಹಿಂಡ್ತೀ? ಉಣ್ಣೋರು ನೋಡಿದ್ರ ಎದ್ದು ಹೋಗ್ತಾರ. ಹಿತ್ತಲಕ್ಕ ನಡಿ! ಮತ್ತ ಹಂಚು ಯಾರು ನೋಡ್ತಾರ? ಹಣಮವ್ವಾ, ನೀ ಏನು ನೋಡ್ಕೋಂತ ನಿಂತಿ? ಕುಂಡ್ರು, ಬಡಿ!”

ಅತ್ತೆ ಕೂತಳು. ನಾನು ಭಾಗಿಯನ್ನು ಕಸಿದುಕೊಂಡು ಹಿತ್ತಲ ಕಟ್ಟಿಗೆ ರಾಶಿಯ ಮರೆಗೆ ಹೋದೆ. ಹಿಂಡಲಿಲ್ಲ, ಆರಿಸಲಿಲ್ಲ, ನೇರ ಬಾಯಿಗಿಟ್ಟೆ. ಅವಳು ಸಿಟ್ಟಿನಿಂದ ಎಳೆದಳು, ಬಿಟ್ಟಳು, ಅತ್ತಳು, ಮತ್ತೆ ಹಿಡಿದಳು. ಬಹಳ ಹೊತ್ತಿಗೆ ಎದೆಯೊಳಗೆ ಸೂಜಿ ಆಡಿದಂತಾಗಿ ಹಾಲು ಇಳಿಯಿತು. ಗುಟುಕು ಗುಟುಕಾಗಿ ನುಂಗುವ ಸದ್ದು ಕೇಳಿತು.

ಒಳಗಿನಿಂದ ರೊಟ್ಟಿಯ ಸಪ್ಪಳದ ನಡುವೆ ಅತ್ತೆ ಕೂಗಿದಳು, “ಹಿಂಡಿದೀ?”

“ಹಿಂಡೀನಿ!”

ಎದ್ದು ಬಂದು ನೋಡುವ ಹಾಗಿರಲಿಲ್ಲ ಅವಳು. ಕೈ ತುಂಬ ಹಿಟ್ಟು, ಹಂಚಿನ ಮೇಲೆ ರೊಟ್ಟಿ.

ಅವಳ ರೊಟ್ಟಿ ಶಾರದಾಬಾಯಿಗೆ ಹಿಡಿಸಿತು. ಮರುದಿನದಿಂದ ಅತ್ತೆಯೂ ಒಲೆಯ ಮುಂದೆ, ಭಾಗಿ ಹಿತ್ತಲ ಬೇವಿಗೆ ಕಟ್ಟಿದ ಜೋಳಿಗೆಯಲ್ಲಿ. ಅತ್ತಾಗಲೆಲ್ಲ ನಾನು ಎದ್ದು ಹೋಗುತ್ತಿದ್ದೆ, ಹಂಚು ಅತ್ತೆ ನೋಡುತ್ತಿದ್ದಳು. ಕೂಸಿನ ಹೊಟ್ಟೆ ಕೆಡಲಿಲ್ಲ. ಹಿಂಡಿಯೇ ಇಲ್ಲ ನೋಡು ಎಂದು ಕೂಗಿ ಹೇಳಬೇಕೆನಿಸುತ್ತಿತ್ತು. ಹೇಳಿದರೆ ನಾಳೆಯೇ ಕೂಸನ್ನು ಎತ್ತಿಕೊಂಡು ಮನೆಗೆ ಹೋಗುತ್ತಾಳೆ. ಬಾಯಿ ಮುಚ್ಚಿಕೊಂಡೆ.

ಒಂದು ದಿನ ಕೈ ತೊಳೆಯಲು ಹೊರಗೆ ಬಂದ ಅತ್ತೆ ಹಿತ್ತಲ ಗೋಡೆಯನ್ನು ಮೇಲಿಂದ ಕೆಳಗೆ ನೋಡಿದಳು. “ಗ್ವಾಡಿ ಒಣಾ ಅದಲ್ಲ?”

“ಬಿಸಲಿಗಿ ಒಣಗ್ಯಾದ.”

“ನಮ್ಮನ್ಯಾಗ ಗುರ್ತು ಉಳೀತಿತ್ತು.”

ಮರುದಿನ ಭಾಗಿ ಅತ್ತಾಗ ಬಡಿಸುವ ಕೊಳಗದಿಂದ ಒಂದು ವಾಟಿ ಮಜ್ಜಿಗೆ ಸೆರಗಿನಲ್ಲಿ ಮುಚ್ಚಿ ಒಯ್ದೆ. ಒಂದು ಕೈಯಲ್ಲಿ ಕೂಸು, ಇನ್ನೊಂದರಲ್ಲಿ ವಾಟಿ. ನನ್ನ ಮಗಳಿಗೆ ನನ್ನ ಹಾಲು ಕುಡಿಸಲು ಕಳ್ಳಿಯ ಹಾಗೆ ಗೋಡೆಗೆ ಮಜ್ಜಿಗೆ ಎರಚುತ್ತ ನಿಂತಿದ್ದೆ. ಸಿಟ್ಟಿಗೆ ಕಣ್ಣು ತುಂಬಿದವು. ಹಿಂದೆ ಶಾರದಾಬಾಯಿ.

“ಏನ್ ಬೇ, ಗ್ವಾಡಿಗಿ ಮಜ್ಜಗಿ ಕುಡಸಾಕತ್ತೀದಿ?”

ನಾನು ಅಡುಗೆಮನೆಯ ಕಡೆ ಕಣ್ಣು ತೋರಿಸಿದೆ. ಅಷ್ಟರಲ್ಲಿ ಅಲ್ಲಿಂದ ದನಿ ಬಂತು, “ಹಿಂಡಿದೀ?”

ಶಾರದಾಬಾಯಿ ಗೋಡೆ ನೋಡಿದರು, ಕೂಸನ್ನು ನೋಡಿದರು.

“ಹಿಂಡ್ಯಾಳವ್ವ, ಹಿಂಡ್ಯಾಳ! ಹಂಚಿನ ಮ್ಯಾಲಿಂದು ಸೀಯಾಕತ್ತದ, ಅದನ್ನ ನೋಡು!” ಎಂದು ಕೂಗಿ, ನನ್ನ ಕೈಯಿಂದ ವಾಟಿ ಕಸಿದುಕೊಂಡು ದನಿ ತಗ್ಗಿಸಿದರು. “ನಾಳಿಗಿ ಅಕ್ಕಿ ತೊಳದ ಕಲಗಚ್ಚು ತಗೋ. ಇದು ಉಣ್ಣೋರದ್ದು.”