ತೊಂಬತ್ತೇಳು ಡಿಗ್ರಿ

ಅಮ್ಮ ಕಬ್ಬಿಣದ ಮೊಳೆ ಹಾಕಿಟ್ಟಿದ್ದ ಗಾಜಿನ ಲೋಟಗಳನ್ನು ಮಗಳು ಒಂದೊಂದಾಗಿ ಬಚ್ಚಲಿಗೆ ಸುರಿಯುತ್ತಿದ್ದಳು. ಒಂದರಲ್ಲಿ ಬರೀ ನೀರು, ಒಂದರಲ್ಲಿ ಉಪ್ಪುನೀರು, ಇನ್ನೊಂದರಲ್ಲಿ ಎಣ್ಣೆ. ಉಪ್ಪುನೀರಿನ ಮೊಳೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿ ತಳಕ್ಕೆ ಅಂಟಿಕೊಂಡಿತ್ತು. ಉಗುರಿನಿಂದ ಕೆರೆದರೂ ಏಳಲಿಲ್ಲ.

"ಲೋಟಾನೇ ಬಿಸಾಕು," ಎಂದಳು ಬಾಗಿಲಲ್ಲಿ ನಿಂತ ಚಿಕ್ಕಮ್ಮ. "ಆಸ್ಪತ್ರೆ ಗಾಡಿ ತಿರುವಿಗೆ ಬಂತಂತೆ. ಈ ಸಂತೆ ಮಧ್ಯೆ ಅಕ್ಕನ್ನ ಎಲ್ಲಿ ಮಲಗಿಸ್ತೀಯ?"

ಸಂತೆ ಎಂದದ್ದು ಸುಳ್ಳಲ್ಲ. ಮುಂದಿನ ಕೋಣೆಯ ಕಿಟಕಿಯ ಕಟ್ಟೆ, ಮೇಜು, ಬೀರುವಿನ ತಲೆ, ಎಲ್ಲಿ ನೋಡಿದರೂ ಅಮ್ಮನ ಡಬ್ಬಿ, ಬಾಟಲಿ, ಒಡಕು ತಟ್ಟೆ. ಬೂಸ್ಟು ಹಿಡಿದ ಬ್ರೆಡ್ಡಿನ ಚೂರುಗಳು, ಒಂದು ಬೆಳಕಿನಲ್ಲಿ, ಒಂದು ರಟ್ಟಿನ ಪೆಟ್ಟಿಗೆಯೊಳಗೆ. ಬೇರು ಯಾವ ಕಡೆಗೆ ತಿರುಗುತ್ತದೆಂದು ನೋಡಲು ಒದ್ದೆ ಹತ್ತಿಯ ಮೇಲೆ ತಲೆಕೆಳಗಾಗಿ ಇಟ್ಟ ಕಾಳು. ಅಮ್ಮ ಶಾಲೆಯ ಟೀಚರ್ ಕೆಲಸದಿಂದ ನಿವೃತ್ತಳಾಗಿ ವರ್ಷಗಳೇ ಆಗಿದ್ದವು. ಇವನ್ನೆಲ್ಲ ನೋಡಲು ಒಂದು ಮಗುವೂ ಬರುತ್ತಿರಲಿಲ್ಲ. ಬೀದಿಯ ಮಕ್ಕಳು ಬಂದರೆ ಎರಡು ಬೀದಿ ಆಚೆಗಿನ ಮಗಳ ಟ್ಯೂಷನ್ನಿಗೆ ಬರುತ್ತಿದ್ದರು. ಅಲ್ಲಿ ಪ್ರಶ್ನೆಯ ಕೆಳಗೇ ಉತ್ತರ ಸಿಗುತ್ತಿತ್ತು.

ಅಮ್ಮ ಒಮ್ಮೆ ಮಾತ್ರ ಆ ಟ್ಯೂಷನ್ ಕೋಣೆಗೆ ಬಂದಿದ್ದಳು. ಮಕ್ಕಳು ಒಂದೇ ರಾಗದಲ್ಲಿ ಪಾಠ ಒಪ್ಪಿಸುವುದನ್ನು ಬಾಗಿಲಲ್ಲೇ ನಿಂತು ಕೇಳಿ, "ಇವರು ಇದರಲ್ಲಿ ಏನನ್ನಾದ್ರೂ ಕಣ್ಣಾರೆ ನೋಡಿದ್ದಾರಾ?" ಎಂದಿದ್ದಳು. "ಮಾರ್ಕ್ಸ್ ನೋಡಿದ್ದಾರೆ," ಎಂದಿದ್ದಳು ಮಗಳು. ಅಮ್ಮ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋಗಿದ್ದಳು. ಆಮೇಲೂ ಇಬ್ಬರೂ ಮಾತಾಡುತ್ತಿದ್ದರು. ಕರೆಂಟ್ ಬಿಲ್ಲು, ಮಂಡಿನೋವು, ತರಕಾರಿ ರೇಟು, ಅಷ್ಟೇ.

ಗಾಡಿ ಬಂತು. ಬೂಸ್ಟಿನ ಬ್ರೆಡ್ಡು, ಕಾಳು, ಹತ್ತಿ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಕಟ್ಟಿ ಮಗಳು ಹಿತ್ತಲಿಗೆ ಎಸೆದಳು.

ಅಮ್ಮನ ದೇಹವನ್ನು ಮೇಜಿನ ಮೇಲೆ ಮಲಗಿಸಿದರು. ಆಸ್ಪತ್ರೆಯಲ್ಲಿ ಚುಚ್ಚಿದ ಕೈ ಊದಿಕೊಂಡಿತ್ತು. ನಿನ್ನೆ ಡಾಕ್ಟರು ಮಗಳನ್ನು ಪಕ್ಕಕ್ಕೆ ಕರೆದು, ನಿಮ್ಮ ತಾಯಿ ಬಹಳ ಪ್ರಶ್ನೆ ಕೇಳುತ್ತಾರೆ, ನರ್ಸುಗಳಿಗೆ ಕೆಲಸ ಮಾಡಲು ಬಿಡುತ್ತಿಲ್ಲ, ಸ್ವಲ್ಪ ಹೇಳಿ ಎಂದಿದ್ದರು. ಮಗಳು ಹೇಳಿದ್ದಳು. ಅಮ್ಮ ಆಮೇಲೆ ಏನನ್ನೂ ಕೇಳಿರಲಿಲ್ಲ.

ಜನ ಬಂದರು. ಹೆಚ್ಚೇನಿಲ್ಲ. ಅಕ್ಕಪಕ್ಕದವರು, ಶಾಲೆಯ ಹಳೆಯ ಆಯಾ, ಅಮ್ಮ ಕಾಪಿ ಬರೆಸುತ್ತಿದ್ದ ಕಾಲದ ಒಂದಿಬ್ಬರು ವಿದ್ಯಾರ್ಥಿಗಳು. "ನಿಮ್ಮ ತಾಯಿಯಿಂದ ನನ್ನ ಅಕ್ಷರ ದುಂಡಗಾಯ್ತು," ಎಂದು ಒಬ್ಬಾತ ಮನಸ್ಸು ತುಂಬಿ ಹೇಳಿದ. ಅದಕ್ಕಿಂತ ಕಹಿಯಾದ ಹೊಗಳಿಕೆ ಅಮ್ಮನಿಗೆ ಇನ್ನೊಂದಿರಲಾರದು ಎಂದು ಅವನಿಗೆ ಗೊತ್ತಿರಲಿಲ್ಲ.

ಕೊನೆಗೆ ಬಂದವಳು ಗುಬ್ಬಿ. ನಾಲ್ಕನೇ ತರಗತಿಯಲ್ಲಿ ಮಗಳ ಪಕ್ಕದಲ್ಲೇ ಕೂರುತ್ತಿದ್ದವಳು, ಪುಟ್ಟಗಿದ್ದಳೆಂದು ಆ ಹೆಸರು. ಈಗ ದಪ್ಪಗಾಗಿದ್ದಳು, ಕನ್ನಡಕ ಬಂದಿತ್ತು, ದೂರದ ಶಾಲೆಯೊಂದರಲ್ಲಿ ಟೀಚರಾಗಿದ್ದಳು. ಮೇಜಿನ ಬಳಿ ನಿಂತು ಬಿಕ್ಕಿಬಿಕ್ಕಿ ಅತ್ತಳು. ಆಮೇಲೆ ಅಡುಗೆಮನೆಗೆ ಬಂದು, ಚಹಾ ಲೋಟ ಕೈಯಲ್ಲಿ ಹಿಡಿದು, ಮಗಳಿಗೆ ಗೊತ್ತಿಲ್ಲದ ಒಂದು ಸಂಗತಿ ಹೇಳಿದಳು.

ಹೋದ ವರ್ಷ ಇಲಾಖೆಯವರು ಹೊಸ ಪದ್ಧತಿಯ ತರಬೇತಿ ಇಟ್ಟಿದ್ದರಂತೆ. ಮಕ್ಕಳು ತಾವೇ ಪ್ರಶ್ನೆ ಕೇಳಿ, ತಾವೇ ಮಾಡಿ ನೋಡಿ, ವಿಜ್ಞಾನ ಕಲಿಯಬೇಕು ಎನ್ನುವ ಪದ್ಧತಿ. ಯಾರೂ ಕರೆಯದಿದ್ದರೂ ಅಮ್ಮ ಬಸ್ಸು ಹತ್ತಿ ಅಲ್ಲಿಗೆ ಬಂದಿದ್ದಳಂತೆ. ತೆಗೆದಿಟ್ಟಿದ್ದ ಒಳ್ಳೆಯ ಸೀರೆ ಉಟ್ಟು, ಹಿಂದಿನ ಸಾಲಿನಲ್ಲಿ ಕೂತಿದ್ದಳಂತೆ. ಅಧಿಕಾರಿ ಎಲ್ಲರಿಗೂ ಒಂದೊಂದು ಹಾಳೆ ಹಂಚಿಸಿದರು. ಮಕ್ಕಳು ಕೇಳಬೇಕಾದ ಪ್ರಶ್ನೆಗಳು ಒಂದು ಮಗ್ಗುಲಲ್ಲಿ, ಅವಕ್ಕೆ ಬರಬೇಕಾದ ಉತ್ತರಗಳು ಇನ್ನೊಂದು ಮಗ್ಗುಲಲ್ಲಿ. ಅಮ್ಮ ಎದ್ದು ನಿಂತು, ಮಗು ಈ ಹಾಳೆಯಲ್ಲಿಲ್ಲದ ಪ್ರಶ್ನೆ ಕೇಳಿದರೆ ಏನು ಮಾಡಬೇಕು ಎಂದಳಂತೆ. ಪ್ರಶ್ನೆಗಳಿಗೆ ಕೊನೆಯಲ್ಲಿ ಸಮಯ ಕೊಡುತ್ತೇವೆ ಎಂದರಂತೆ ಅಧಿಕಾರಿ. ಕೊನೆಯಲ್ಲಿ ಊಟದ ಹೊತ್ತಾಯಿತು.

"ಯಾರು ಅಧಿಕಾರಿ?" ಎಂದಳು ಮಗಳು.

ಗುಬ್ಬಿ ಲೋಟದೊಳಗೆ ನೋಡುತ್ತ, "ಅವರೇ. ಆಗ ನಮ್ಮ ಪಕ್ಕದ ಕ್ಲಾಸಲ್ಲಿದ್ದ ಮೇಷ್ಟ್ರು," ಎಂದಳು. "ಚಿತಾಗಾರಕ್ಕೆ ಬರ್ತಾರೆ. ನನ್ನ ಅವರ ಕಾರಲ್ಲೇ ಕರ್ಕೊಂಡು ಬಂದು ಇಲ್ಲಿ ಇಳಿಸಿ ಹೋದ್ರು."

~

ಮಗಳು, ಗುಬ್ಬಿ ನಾಲ್ಕನೇ ತರಗತಿಯಲ್ಲಿದ್ದಾಗ ಒಂದು ವಾರ ಅಮ್ಮನ ಕ್ಲಾಸಿನಲ್ಲಿ ನೀರು ಕುದಿಸುತ್ತಿದ್ದರು. ಪುಸ್ತಕ ತೆರೆಯಬಾರದು, ಮೊದಲು ನೋಡಬೇಕು, ಇದು ಅಮ್ಮನ ಕಟ್ಟಪ್ಪಣೆ. ಮಕ್ಕಳು ಅವಳನ್ನು 'ಯಾಕೆ ಟೀಚರ್' ಎಂದೇ ಕರೆಯುತ್ತಿದ್ದರು. ಏನು ಕೇಳಿದರೂ, "ನಿಂಗೇನನ್ಸುತ್ತೆ?" ಎಂದು ತಿರುಗಿ ಕೇಳುವವಳು. ಸೀಮೆಎಣ್ಣೆ ಸ್ಟೌವಿನ ಮೇಲೆ ಪಾತ್ರೆ ಇಟ್ಟು, ಅದರಲ್ಲಿ ಥರ್ಮಾಮೀಟರ್ ಇಳಿಬಿಟ್ಟು, ಸರದಿಯಲ್ಲಿ ಬಗ್ಗಿ ನೋಡಿಸಿದಳು. ನೀರು ಕೊತಕೊತ ಕುದಿಯುತ್ತಿತ್ತು, ಪಾದರಸ ತೊಂಬತ್ತೇಳಕ್ಕೆ ಬಂದು ನಿಂತಿತ್ತು. ಸಮುದ್ರಮಟ್ಟದಿಂದ ಎತ್ತರದ ಊರು ಅದು, ಬೇರೆ ಥರ್ಮಾಮೀಟರಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಮುಚ್ಚಳ ಮುಚ್ಚಿದರೆ ಏನಾಗುತ್ತದೆ, ಉಪ್ಪು ಹಾಕಿದರೆ ಏನಾಗುತ್ತದೆ ಎಂದು ಮಕ್ಕಳು ಕಿತ್ತಾಡುತ್ತಿದ್ದರು. ಮನೆಗೆ ಹೋದಮೇಲೆ ಮಗಳು ಕದ್ದು ಪುಸ್ತಕ ತೆರೆದು ನೋಡಿದಳು. ನೂರು ಎಂದಿತ್ತು. ಯಾರಿಗೂ ಹೇಳಲಿಲ್ಲ.

ಮಾರನೆಯ ದಿನ ಇನ್ಸ್‌ಪೆಕ್ಟರು ಬಂದರು. ಅವರ ಚೀಲ ಹೊತ್ತು ಹಿಂದೆಯೇ ಪಕ್ಕದ ಕ್ಲಾಸಿನ ಮೇಷ್ಟ್ರೂ ಬಂದರು. ಆಗಷ್ಟೇ ಮೀಸೆ ಚಿಗುರಿದ್ದ ಹುಡುಗ. ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ ಎಂದು ಇನ್ಸ್‌ಪೆಕ್ಟರು ಕೇಳಿದರು. ಗುಬ್ಬಿ ಎದ್ದು, "ತೊಂಬತ್ತೇಳು," ಎಂದಳು. ಹಿಂದಿನವನೂ ಅದನ್ನೇ ಹೇಳಿದ. ಮೂರನೆಯವನು, ಅದು ಥರ್ಮಾಮೀಟರ್ ಯಾವುದು ಅನ್ನೋದರ ಮೇಲಿರುತ್ತೆ ಸರ್ ಎಂದ. ಇನ್ಸ್‌ಪೆಕ್ಟರ ಕಿವಿ ಕೆಂಪಾಯಿತು. ಇದೇನು ಶಾಲೆಯೋ, ಚಹಾದಂಗಡಿಯೋ ಎಂದರು. ಅಮ್ಮ ಮೆಲ್ಲಗೆ, ಸ್ಟೌ ಇಲ್ಲೇ ಇದೆ ಸರ್, ಈಗಲೇ ಕುದಿಸಿ ನೋಡೋಣ ಎಂದಳು. ತಮಗೆ ಜೀಪು ಕಾಯುತ್ತಿದೆ ಎಂದರು ಅವರು, ಕೆಂಪು ಪೆನ್ನಿನ ಮುಚ್ಚಳ ತೆಗೆದರು.

ಮಗಳಿಗೆ ಆ ಪೆನ್ನು ಮಾತ್ರ ಕಾಣುತ್ತಿತ್ತು. ಅಮ್ಮನ ಕೆಲಸ ಹೋಗುತ್ತದೆ ಎಂದುಕೊಂಡಳು. ತಾನು ಉಳಿಸಬಲ್ಲೆ ಎಂದುಕೊಂಡಳು. ಎದ್ದು ನಿಂತು, ಗಟ್ಟಿಯಾಗಿ, "ನೂರು ಡಿಗ್ರಿ ಸೆಲ್ಸಿಯಸ್ ಸರ್," ಎಂದಳು.

ಇನ್ಸ್‌ಪೆಕ್ಟರು ಶಭಾಷ್ ಎಂದು, ಯಾರ ಮಗಳು ನೀನು ಎಂದು ಕೇಳಿದರು. ಚೀಲ ಹಿಡಿದಿದ್ದ ಮೇಷ್ಟ್ರೇ ಹೇಳಿದರು, ಟೀಚರ್ ಮಗಳೇ ಸರ್.

"ಓ," ಎಂದರು ಇನ್ಸ್‌ಪೆಕ್ಟರು ಅಮ್ಮನ ಕಡೆ ತಿರುಗಿ. "ಮಗಳಿಗೆ ಉತ್ತರ, ಊರ ಮಕ್ಕಳಿಗೆ ಬರೀ ಪ್ರಶ್ನೆ."

ಆ ಮಾತು ಅವರ ಜೀಪಿಗಿಂತ ಮುಂಚೆ ಶಾಲೆಯ ಗೇಟು ದಾಟಿತು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ತಂದೆತಾಯಂದಿರು ಗೇಟಿನ ಮುಂದೆ ನಿಂತು ಕೂಗಾಡಿದರು. ನಾನು ಮಗಳಿಗೂ ಹೇಳಿಕೊಟ್ಟಿಲ್ಲ ಎಂದು ಅಮ್ಮ ಒಂದು ಮಾತು ಹೇಳಬಹುದಿತ್ತು. ಹೇಳಿದ್ದರೆ ಎಲ್ಲರೂ ಮಗಳ ಕಡೆ ತಿರುಗುತ್ತಿದ್ದರು. ಅಮ್ಮ ಬಾಯಿ ಬಿಡಲಿಲ್ಲ. ಮುಂದಿನ ವಾರವೇ ಅವಳ ತರಗತಿ ಪಕ್ಕದ ಮೇಷ್ಟ್ರ ಪಾಲಾಯಿತು. ಅವಳಿಗೆ ಸಾಮಾನಿನ ಕೋಣೆಯ ಬೀಗದಕೈ ಮತ್ತು ಕಾಪಿ ಬರೆಸುವ ಪೀರಿಯಡ್ಡು. ನಿವೃತ್ತಿಯಾಗುವವರೆಗೂ ಅಷ್ಟೇ.

ಅಂದು ಮನೆಯಲ್ಲಿ ಅಮ್ಮ ಬೈಯಲಿಲ್ಲ. ಮಗಳ ಜಡೆ ಬಿಚ್ಚುತ್ತ, "ನೀನು ಬಗ್ಗಿ ನೋಡಿದಾಗ ಎಷ್ಟಿತ್ತು?" ಎಂದು ಕೇಳಿದಳು.

"ಪುಸ್ತಕದಲ್ಲಿ ನೂರು ಅಂತಿದೆಯಲ್ಲಮ್ಮಾ."

"ಪುಸ್ತಕ ಬೇಡ. ನೀನು ನೋಡಿದ್ದು."

ಮಗಳು ಹೇಳಲಿಲ್ಲ. ಬೈದಿದ್ದರೆ, ಎರಡೇಟು ಹಾಕಿದ್ದರೆ ಅಳು ಬಂದು ಎಲ್ಲ ಮುಗಿದುಹೋಗುತ್ತಿತ್ತು. ಹೀಗೆ ಕೇಳಿದ್ದಕ್ಕೆ ಅವಳು ಅಮ್ಮನನ್ನು ಕ್ಷಮಿಸಲೇ ಇಲ್ಲ. ಯಾವ ಪ್ರಶ್ನೆಯನ್ನೂ ಅರ್ಧಕ್ಕೆ ಬಿಡದ ಅಮ್ಮ ಅದೊಂದನ್ನು ಮಾತ್ರ ಮತ್ತೆ ಎತ್ತಲಿಲ್ಲ.

~

ಚಿತಾಗಾರದ ಪಕ್ಕದ ಸಭಾಂಗಣದಲ್ಲಿ ಪ್ಲಾಸ್ಟಿಕ್ ಕುರ್ಚಿಗಳಿದ್ದವು. ಒಳಗೆ ಇನ್ನೊಬ್ಬರದು ನಡೆಯುತ್ತಿದೆ, ಸ್ವಲ್ಪ ಕಾಯಬೇಕು ಎಂದಿದ್ದರು. ಆ ಬಿಡುವಿನಲ್ಲಿ ಅಧಿಕಾರಿ ಎರಡು ಮಾತು ಆಡುತ್ತೇನೆಂದು ಎದ್ದರು. ಕೂದಲು ನೆರೆತಿತ್ತು, ದನಿಗೆ ತೂಕ ಬಂದಿತ್ತು. ಜೊತೆಗೆ ಬಂದವನೊಬ್ಬ ಫೋನು ಎತ್ತಿ ಚಿತ್ರ ತೆಗೆಯತೊಡಗಿದ.

ಇಂದು ದೇಶವೇ ಒಪ್ಪಿಕೊಂಡ ಪದ್ಧತಿಯನ್ನು ಈ ತಾಯಿ ಅಂದೇ ಮಾಡಿ ತೋರಿಸಿದ್ದರು ಎಂದರು. ತಾವು ಅವರ ನೆರಳಿನಲ್ಲಿ ಬೆಳೆದವರು ಎಂದರು. ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಗಳು ಗೋಡೆಯ ಗಡಿಯಾರ ನೋಡುತ್ತಿದ್ದಳು. ಇಷ್ಟಕ್ಕೇ ನಿಲ್ಲಿಸಿದ್ದರೆ ಅವಳು ಸುಮ್ಮನಿರುತ್ತಿದ್ದಳೇನೋ.

"ಒಂದು ಪ್ರಸಂಗ ಹೇಳಿ ಮುಗಿಸ್ತೀನಿ," ಎಂದರು ಅಧಿಕಾರಿ. "ಇನ್ಸ್‌ಪೆಕ್ಟರ್ ಬಂದಿದ್ರು. ನೀರು ಎಷ್ಟು ಡಿಗ್ರಿಗೆ ಕುದಿಯುತ್ತೆ ಅಂತ ಕೇಳಿದ್ರು. ಒಂದು ಪುಟ್ಟ ಹುಡುಗಿ ಎದ್ದು ನಿಂತು, ನೂರು ಅಂದಳು. ಪುಸ್ತಕ ತೆರೆದಿರಲಿಲ್ಲ. ತಾನೇ ಕುದಿಸಿ, ತಾನೇ ನೋಡಿ ಕಂಡುಕೊಂಡಿದ್ದಳು. ಇನ್ಸ್‌ಪೆಕ್ಟರ್ ಶಭಾಷ್ ಅಂದ್ರು. ಆ ಹುಡುಗಿ ಇಲ್ಲೇ ಇದ್ದಾಳೆ."

ಅವರು ಕೈ ತೋರಿಸಿದರು. ಕುರ್ಚಿಗಳೆಲ್ಲ ಕಿರ್ರೆಂದು ಹಿಂದಕ್ಕೆ ತಿರುಗಿದವು. ಫೋನೂ ತಿರುಗಿತು.

ಮಗಳು ಎದ್ದಳು. "ತೊಂಬತ್ತೇಳು," ಎಂದಳು.

"ಏನಮ್ಮಾ?"

"ನಾನು ನೋಡಿದಾಗ ತೊಂಬತ್ತೇಳಿತ್ತು. ನೂರು ಅನ್ನೋದನ್ನ ಪುಸ್ತಕದಲ್ಲಿ ಓದಿದ್ದೆ. ಅದಕ್ಕೇ ಅಮ್ಮನ ಕ್ಲಾಸು ಹೋಯ್ತು. ನಿಮಗೆ ಬಂತು."

ಮಗಳು ಗುಬ್ಬಿಯ ಕಡೆ ನೋಡಿದಳು. ಅಂದು ಮೊದಲು ಎದ್ದು ನಿಂತು ಹೇಳಿದವಳು ಅವಳು. ಗುಬ್ಬಿ ಕನ್ನಡಕ ತೆಗೆದು, ಸೆರಗಿನ ತುದಿಯಿಂದ ಒರೆಸತೊಡಗಿದಳು. ಒರೆಸಿದ್ದನ್ನೇ ಒರೆಸಿದಳು.

"ದುಃಖದಲ್ಲಿದ್ದಾರೆ," ಎಂದರು ಅಧಿಕಾರಿ, ಬೇಸರವೇ ಇಲ್ಲದ ದನಿಯಲ್ಲಿ. "ಸಹಜ. ಸ್ವಲ್ಪ ನೀರು ಕೊಡಿ ಅವರಿಗೆ."

ಯಾರೋ ಬಾಟಲಿ ತಂದರು. ಚಿಕ್ಕಮ್ಮ ತೋಳು ಹಿಡಿದು ಕೂರಿಸಿ, ಈಗೇನಕ್ಕೆ ಅದೆಲ್ಲ, ತೊಂಬತ್ತೇಳಾದರೇನು ನೂರಾದರೇನು ಎಂದು ಕಿವಿಯಲ್ಲಿ ಗದರಿದಳು. ಅಧಿಕಾರಿ ಮಾತು ಮುಂದುವರಿಸಿ, ತರಬೇತಿ ಕೇಂದ್ರದ ಹೊಸ ಕೋಣೆಗೆ ಈ ತಾಯಿಯ ಹೆಸರಿಡುವುದಾಗಿ ಹೇಳಿದರು. ಕೆಲವರು ಮರೆತು ಚಪ್ಪಾಳೆ ತಟ್ಟಿ, ಇದು ಚಿತಾಗಾರವೆಂದು ನೆನಪಾಗಿ ಅರ್ಧಕ್ಕೇ ನಿಲ್ಲಿಸಿದರು. ಅಷ್ಟರಲ್ಲಿ ಒಳಗಿನಿಂದ ಕರೆ ಬಂತು.

ಅಮ್ಮನನ್ನು ಒಳಗೆ ಕಳಿಸಿ ಕಬ್ಬಿಣದ ಬಾಗಿಲು ಮುಚ್ಚಿದರು. ಎಷ್ಟು ಬಿಸಿ ಇರುತ್ತೆ ಒಳಗೆ ಎಂದು ಕೇಳಬೇಕೆನಿಸಿತು ಮಗಳಿಗೆ. ಅಮ್ಮನಾಗಿದ್ದರೆ ಕೇಳುತ್ತಿದ್ದಳು, ಹೇಗೆ ಅಳೆಯುತ್ತೀರಿ ಎಂದೂ ಕೇಳುತ್ತಿದ್ದಳು. ಮಗಳು ಕೇಳಲಿಲ್ಲ.

ಹೊರಗೆ ಕಾರಿನ ಬಳಿ ಗುಬ್ಬಿ ಅವಳ ಕೈ ಹಿಡಿದುಕೊಂಡಳು. "ಬೇಜಾರು ಮಾಡ್ಕೋಬೇಡ ಕಣೆ. ನನ್ನ ವರ್ಗಾವಣೆ ಅವರ ಕೈಲಿದೆ. ಮಕ್ಕಳನ್ನ ಬಿಟ್ಟು ಅಷ್ಟು ದೂರ ಎಷ್ಟು ದಿನ ಅಂತ ಇರ್ಲಿ?"

"ನಿಂಗೆ ನೆನಪಿದೆಯಲ್ಲ?"

ಕಾರಿನ ಹಾರ್ನ್ ಕೂಗಿತು. ಗುಬ್ಬಿ ಕೈ ಬಿಡಿಸಿಕೊಂಡು, "ಅದೆಲ್ಲ ಯಾವ ಕಾಲದ್ದೋ," ಎಂದು ಹೋಗಿ ಹಿಂದಿನ ಸೀಟಿನಲ್ಲಿ ಕೂತಳು.

ಮಗಳು ತನ್ನ ಮನೆಗೆ ಮರಳುವಾಗ ಬಿಸಿಲು ಇಳಿಯುತ್ತಿತ್ತು. ಟ್ಯೂಷನ್ ಕೋಣೆಯ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಇವತ್ತು ಬರಬೇಡಿ ಎಂದು ಹೇಳಲು ಯಾರಿಗೂ ನೆನಪಾಗಿರಲಿಲ್ಲ. ಒಬ್ಬ ಹುಡುಗನ ತಾಯಿ ಮೆಟ್ಟಿಲಲ್ಲೇ ಕಾಯುತ್ತಿದ್ದಳು. ಸುದ್ದಿ ಕೇಳಿ ಬಹಳ ನೋವಾಯಿತು ಎಂದಳು. ನಾಳೆ ವಿಜ್ಞಾನ ಪರೀಕ್ಷೆ, ಮಕ್ಕಳು ಗಾಬರಿಯಾಗಿದ್ದಾರೆ, ಬರುವಂಥ ಪ್ರಶ್ನೆಗಳನ್ನಷ್ಟೇ ಹೇಳಿ ಕಳಿಸಿದರೆ ಸಾಕು ಎಂದಳು.

ಮಗಳು ಚಪ್ಪಲಿಗಳನ್ನು ದಾಟಿ ಒಳಗೆ ಹೋದಳು. ಮಕ್ಕಳು ಎದ್ದು ನಿಂತರು, ಕೂತರು. ಪುಸ್ತಕಗಳು ಆಗಲೇ ತೆರೆದಿದ್ದವು. ಅವಳು ಕುರ್ಚಿಯ ಬೆನ್ನು ಹಿಡಿದು ನಿಂತಳು. ಯಾರಾದರೂ ಏನಾದರೂ ಕೇಳುತ್ತಾರೇನೋ ಎಂದು ಒಂದೊಂದೇ ಮುಖ ನೋಡಿದಳು. ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದರು.

"ಬರ್ಕೊಳ್ಳಿ," ಎಂದಳು. "ಸಜೀವಿಗಳ ಲಕ್ಷಣಗಳು."

ತಲೆಗಳೆಲ್ಲ ಒಂದೇ ಸಲ ಬಗ್ಗಿದವು.

"ಸಜೀವಿಗಳು ಚಲಿಸುತ್ತವೆ. ಉಸಿರಾಡುತ್ತವೆ. ಬೆಳೆಯುತ್ತವೆ..."

ಪೆನ್ಸಿಲ್ಲುಗಳು ಹಾಳೆಯ ಮೇಲೆ ಒಟ್ಟಿಗೆ ಓಡುವ ಸದ್ದು ಕೋಣೆಯನ್ನು ತುಂಬಿತು.