ಬೆರಣಿಗೆ ಬಂದ ಬಿರುದು

ನರಿನ್ ಸೀಮೆಯ ಬೆಟ್ಟಗಳ ಮೇಲೆ ಒಲೆಗೆ ಕಟ್ಟಿಗೆ ಸಿಗುವುದಿಲ್ಲ. ಚಳಿಗಾಲವೆಲ್ಲ ಜೀವ ಹಿಡಿದಿಡುವುದು ತೆಜೆಕ್, ಅಂದರೆ ಬೆರಣಿ. ಆದರೆ ಜಿಪಾರ್‌ಳ ಬಾಯಿಂದ ಒಂಬತ್ತು ವರ್ಷಗಳಿಂದ ಆ ಮಾತು ಹೊರಬಿದ್ದಿರಲಿಲ್ಲ. ಸೊಸೆಯಾದವಳು ಮಾವನ ಹೆಸರು ಹೇಳಬಾರದು. ಮಾವನ ಹೆಸರೋ ತೆಜೆಕ್‌ಬಾಯ್, ಬೆರಣಿ ಸಾಹುಕಾರ. ಹೀಗಾಗಿ ಒಲೆ ಆರುವ ಹೊತ್ತಿಗೆ ಅವಳು ಪಕ್ಕದ ಮನೆಗೆ ಹೋಗಿ, "ಹಸು ಹಾಕಿದ್ದು, ಒಣಗಿದ್ದು, ಒಂದೆರಡು ಇದ್ರೆ ಕೊಡಿ" ಎಂದು ಸುತ್ತಿ ಬಳಸಿ ಕೇಳುತ್ತಿದ್ದಳು. ಅಲ್ಲಿಯ ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು.

ಮಾವನಿಗೆ ಮಾತ್ರ ನಗು ಬರುತ್ತಿರಲಿಲ್ಲ. ಅವರು ಸರ್ಕಾರಿ ಕಚೇರಿಯೊಂದರಲ್ಲಿ ದೊಡ್ಡ ಕುರ್ಚಿಯ ಮನುಷ್ಯ. ಬಾಗಿಲ ಮೇಲಿನ ಹಿತ್ತಾಳೆ ಫಲಕದಲ್ಲಿ ಹೆಸರು ಎಷ್ಟು ಹೊಳೆಯುತ್ತಿತ್ತೋ ಅವರ ಮನಸ್ಸಿನಲ್ಲಿ ಅಷ್ಟೇ ನಾರುತ್ತಿತ್ತು. ಅದಕ್ಕೇ ಮೊಮ್ಮಕ್ಕಳಿಗೆ ಹೆಸರಿಡುವಾಗ ಜಿಪುಣತನ ಮಾಡಲಿಲ್ಲ. ಮೊದಲನೆಯದಕ್ಕೆ ಸುಲ್ತಾನ್‌ಬೆಕ್ ಎಂದರು. ಅದಕ್ಕೆ ನಲವತ್ತು ದಿನವೂ ತುಂಬಲಿಲ್ಲ. ಎರಡನೆಯದಕ್ಕೆ ಪಾದಿಶಾ ಎಂದರು. ಅದು ಹಲ್ಲು ಬರುವ ಮುಂಚೆಯೇ ಹೋಯಿತು. ಜಿಪಾರ್ ಎರಡು ಸಲವೂ ತೊಟ್ಟಿಲು ತೊಳೆದು ಮೂಲೆಗಿಟ್ಟಳು. ಅವಳ ಗಂಡನ ಬಾಯಿ ಅಪ್ಪನೆದುರು ಊಟಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ತೆರೆದದ್ದಿಲ್ಲ.

ಈಗ ಮೂರನೆಯದು. ಹನ್ನೊಂದು ದಿನದ ಗಂಡು, ಅಳುವುದಕ್ಕೂ ತ್ರಾಣವಿಲ್ಲ. ಮಾವನ ಅರವತ್ತರ ಔತಣದ ದಿನವೇ ನಾಮಕರಣ, ಹೆಸರು ಶಹನ್‌ಶಾ ಎಂದು ನಿಶ್ಚಯವಾಯಿತು. ಜಿಪಾರ್ ಮಾವನ ತಾಯಿ ಉಮ್ಸುನಾಯ್ ಮುದುಕಿಯ ಬಳಿಗೆ ಓಡಿದಳು.

"ಅಜ್ಜಿ, ಈ ಹೆಸರು ಬೇಡ ಅನ್ನಿ. ನಿಮ್ಮ ಮಾತಾದ್ರೆ ಕೇಳ್ತಾರೆ."

"ಅವನು ಕುರ್ಚಿ ಮಾತು ಬಿಟ್ಟು ಬೇರೆ ಯಾರ ಮಾತೂ ಕೇಳಲ್ಲ ಕಣೆ," ಎಂದಳು ಮುದುಕಿ. "ಅವನಿಗಿಂತ ಮುಂಚೆ ನಾಲ್ಕು ಹೆತ್ತೆ. ನಾಲ್ಕಕ್ಕೂ ಚೆಂದಚೆಂದದ ಹೆಸರಿಟ್ಟೆ. ಸಾವು ಪಟ್ಟಿ ಹಿಡ್ಕೊಂಡು ಬಂದ ಹಾಗೆ ಬಂತು. ಐದನೇದನ್ನ ಪಕ್ಕದ ಮನೆಯವಳ ಹತ್ರ ಬೆರಣಿ ರಾಶಿ ಮೇಲೆ ಇಡಿಸಿದೆ. ಅವಳೇ ಎತ್ಕೊಂಡು ಬಂದು, 'ಇದೇನೋ ಬಿದ್ದಿತ್ತು, ಬೇಕಾ' ಅಂದ್ಲು. ಮೂರು ಸಲ ಬೇಡ ಅಂದು ಆಮೇಲೆ ಈಸ್ಕೊಂಡು ಬೆರಣಿ ಅಂತಲೇ ಹೆಸರಿಟ್ಟೆ. ಯಾರಿಗೂ ಬೇಡದ್ದನ್ನ ಸಾವು ಯಾಕೆ ಮುಟ್ಟತ್ತೆ? ನೋಡು, ಗೂಳಿ ಹಂಗಿದಾನೆ."

ಜಿಪಾರ್ ಎದ್ದುಹೋದಳು.

ಔತಣಕ್ಕೆ ಎರಡು ಕುದುರೆ ಕಡಿದಿದ್ದರು. ದೊಡ್ಡ ಗುಡಾರದ ತುಂಬ ಜನ, ಕೈಕೈಗೆ ಕುದುರೆ ಹಾಲಿನ ಹುಳಿ ಕುಮಿಸ್. ರಾಜಧಾನಿ ಬಿಶ್ಕೆಕ್‌ನಿಂದ ಬಂದ ಪಂಡಿತರು ಮಾವ ಉಡುಗೊರೆ ಕೊಟ್ಟ ಕಸೂತಿ ನಿಲುವಂಗಿ ತೊಟ್ಟು ಎದ್ದು ನಿಂತರು. "ತೆಜೆಕ್ ಅಂದ್ರೆ ಬೆರಣಿ ಅನ್ನೋದು ಅಜ್ಞಾನಿಗಳ ಮಾತು. ಎರಡು ಸಾವಿರ ವರ್ಷದ ಹಿಂದಿನ ಕಲ್ಲೊಂದರಲ್ಲಿ ಈ ಹೆಸರಿದೆ. ಅದರ ಅರ್ಥ ಸಿಡಿಲಿನ ಒಡೆಯ," ಎಂದರು. ಯಾವ ಕಲ್ಲು ಎಂದು ಯಾರೂ ಕೇಳಲಿಲ್ಲ, ಎಲ್ಲರ ಬಾಯಲ್ಲೂ ಮಾಂಸವಿತ್ತು. ಮಾವ ನಾಚಿಕೊಂಡವರಂತೆ ಟೋಪಿ ಸರಿಮಾಡಿಕೊಂಡರು. ಉಂಡವರು ಹೌದಪ್ಪ ಹೌದು ಎಂದರು.

ಆಗ ಜಿಪಾರ್ ಕೂಸನ್ನೆತ್ತಿಕೊಂಡು ಬಂದು ಮೂರು ಸಲ ಬಾಗಿದಳು. ಮುದುಕಿಗೆ ಹೇಳುವಂತೆ ಇಡೀ ಸಭೆಗೆ ಹೇಳಿದಳು: "ಅಜ್ಜಿ, ಮಾವ ಒಪ್ಪಿದ್ರೆ ಮಗೂಗೆ ಅವರ ಹೆಸರನ್ನೇ ಇಡಿ. ಶಹನ್‌ಶಾ ಊರಿಗೆ ಹತ್ತು ಜನ ಸಿಕ್ತಾರೆ. ಸಿಡಿಲಿನ ಒಡೆಯ ಎಲ್ಲಿ ಸಿಕ್ತಾನೆ?"

ಗುಡಾರವೆಲ್ಲ ತಲೆದೂಗಿತು. ಸೊಸೆ ಅಂದರೆ ಹೀಗಿರಬೇಕು ಎಂದರು ಹಿರಿಯರು. ಮಾವನಿಗೆ ಬಾಯಲ್ಲಿ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಬೇಡ ಎಂದರೆ ಪಂಡಿತರ ಕಲ್ಲು ಆ ಕ್ಷಣವೇ ಪುಡಿಯಾಗುತ್ತಿತ್ತು. "ಆಗಲಿ," ಎಂದು ಹಲ್ಲು ಕಿರಿದರು.

ಪಕ್ಕದ ಮನೆಯವಳು ಜಿಪಾರ್‌ಳನ್ನು ತಿವಿದಳು. "ಅಲ್ವೇ, ಆ ಹೆಸರು ನಿನ್ನ ಬಾಯಲ್ಲಿ ಬರೋ ಹಾಗಿಲ್ಲ. ಮಗನ್ನ ಏನಂತ ಕರೀತೀಯ?"

"ಏಯ್ ಅಂತೀನಿ," ಎಂದಳು ಜಿಪಾರ್. "ತಿರುಗಿ ನೋಡೋಕೆ ಅವನಿದ್ರೆ ಸಾಕು."

ಅಷ್ಟರಲ್ಲಿ ಮುದುಕಿ ಮಗನನ್ನು ಹತ್ತಿರ ಕರೆದಳು. "ಹೆಸರೇನೋ ಸರಿ ಕಣೋ. ಆದ್ರೆ ಈ ಪಂಡಿತ ಅದನ್ನ ತೊಳೆದು ಇಸ್ತ್ರಿ ಮಾಡಿಬಿಟ್ನಲ್ಲ. ಇಷ್ಟು ಹೊತ್ತು ಬಾಗಿಲಲ್ಲಿ ನಿಂತು ಸಾವೂ ಕೇಳಿಸ್ಕೊಂಡಿರತ್ತೆ. ಸಿಡಿಲಿನ ಒಡೆಯ ಅಂದ್ರೆ ಅದು ಬಿಟ್ಟು ಹೋಗತ್ತಾ?"

ಜಿಪಾರ್ ಇದನ್ನು ಯೋಚಿಸಿರಲಿಲ್ಲ. ಒಂಬತ್ತು ವರ್ಷದಲ್ಲಿ ಮೊದಲ ಸಲ ತಲೆಯೆತ್ತಿ ಮಾವನ ಮುಖವನ್ನು ನೇರ ನೋಡಿದಳು. ಮಾವ ಕೂಸನ್ನು ನೋಡುತ್ತಿದ್ದರು. ಅದರ ತುಟಿ ನೀಲಿಗಟ್ಟಿತ್ತು.

ಅವರು ಕೂಸನ್ನು ಎತ್ತಿಕೊಂಡರು. ಹೆಸರನ್ನು ಕಿವಿಯಲ್ಲಿ ಮೂರು ಸಲ ಹೇಳಬೇಕು. ಎರಡು ಸಲ ಹೇಳಿದರು. ಮೂರನೆಯ ಸಲ ತಲೆಯೆತ್ತಿ, ಬಾಗಿಲ ಕಡೆ ತಿರುಗಿ, ಭಾಷಣದ ದನಿಯಲ್ಲಿ ಕೂಗಿದರು.

"ಪಂಡಿತರು ಹೇಳಿದ್ದು ಸುಳ್ಳು. ನಾನೇ ಹೇಳಿಸಿದ್ದು. ತೆಜೆಕ್ ಅಂದ್ರೆ ಬೆರಣಿ. ನಾನೂ ಬೆರಣಿ, ಇವನೂ ಬೆರಣಿ. ನಾವು ಯಾರಿಗೂ ಬೇಡ."

ಪಂಡಿತರು ತಟ್ಟೆಯ ಮೇಲೆ ಬಗ್ಗಿದರು. ಮಾವ ಬಾಗಿಲಿನಿಂದ ಕಣ್ಣು ತೆಗೆಯಲಿಲ್ಲ. "ಕೇಳಿಸ್ತಾ?" ಎಂದರು.